ಎಣ್ಣೆ ಸೋಕಬಾರದ ಚಕ್ರ

ಗಂಡನ ಬಲಗೈಯ ಐದೂ ಉಗುರು ಮುಗಿಸಿ ಎಡಗೈಯ ಹೆಬ್ಬೆರಳಿಗೆ ಬರುವಷ್ಟರಲ್ಲಿ ಬಟ್ಟಲಿನ ಚಿಮಣಿ ಎಣ್ಣೆ ತೀರಿತು. ಶೇಖರಮ್ಮ ಚಿಂದಿಯನ್ನು ಹಿಂಡಿ ಮತ್ತೊಮ್ಮೆ ಒರೆಸಿದಳು. ಉಗುರಿನ ಬುಡದ ಕಪ್ಪು ಕದಲಲಿಲ್ಲ.

"ಸಾಕು ಬಿಡು," ಎಂದಳು ಅಂಬಮ್ಮ, ಅವಳ ಗಂಡನ ಅಕ್ಕ. "ಮೂವತ್ತು ವರ್ಷದ ಮಸಿ ಅದು. ಒಂದು ಮುಂಜಾನಿಗೆ ಹೋಗ್ತದೇನು?"

"ಲಿಂಗ ಇಡೋ ಕೈ ಇದು, ಅಕ್ಕಾ."

ಶಿವಶರಣಪ್ಪ ಗೋಡೆಗೆ ಒರಗಿ ಕಾಲು ಮಡಚಿ ಕೂತಿದ್ದ. ಮೂರು ದಿನ ಕಾಡಿದ ಜ್ವರ ಬೆಳಗಿನ ಜಾವ ಅವನ ಜೀವದ ಜೊತೆಗೇ ಇಳಿದುಹೋಗಿತ್ತು. ಮೈ ಸೆಟೆಯುವ ಮೊದಲೇ ಕೂಡಿಸಿ, ಗೋಡೆಯ ಗೂಟಕ್ಕೆ ಶಲ್ಯ ಕಟ್ಟಿ ತಲೆ ನಿಲ್ಲಿಸಿದ್ದರು. ಹಣೆಯ ತುಂಬ ವಿಭೂತಿ. ಬದುಕಿದ್ದಾಗಲೂ ಕೆಟ್ಟ ಇಂಜಿನ್ನಿನ ಮುಂದೆ ಅವನು ಹೀಗೆಯೇ ಕೂಡುತ್ತಿದ್ದ. ಮೊದಲು ಕಣ್ಣು ಮುಚ್ಚಿ ಕೇಳುವುದು, ಆಮೇಲೆ ಮುಟ್ಟುವುದು. ಮಸ್ಕಿಯ ಎಣ್ಣೆ ಗಾಣದಿಂದ ಸಿಂಧನೂರಿನ ಗಿರಣಿಯವರೆಗೆ ಎಲ್ಲರೂ ಅವನ ಆ ಕೂಡುವ ರೀತಿಯನ್ನು ಬಲ್ಲರು.

ಅಂಗಳದಲ್ಲಿ ಗಂಡಸರ ಮಾತು ಕೇಳುತ್ತಿತ್ತು.

"ಲಿಂಗಸುಗೂರಿಗೆ ಮಂದಿ ಹೋಗ್ಯಾರ. ಬಸವಂತರಾಯರು ಮೋಟಾರಿನ್ಯಾಗ ಬರ್ತಾರಂತ."

"ಖಾದರಬಾಷಾಗ ಹೇಳೀರೇನು?"

"ಹೇಳಿ ಕಳಿಸೇವಿ. ಬರೂದು ಬಿಡೂದು ಅವನ ಕೈಯಾಗೈತಿ."

"ಕೈ ಇದ್ದಿದ್ರ ಈ ಮನಿ ಹೊಸ್ತಿಲ ಬಿಡ್ತಿದ್ನೇನಪಾ ಅವ?"

"ಬಾಯಿ ಮುಚ್ಚಲೇ. ಒಳಗ ಹೆಣ್ಮಗಳು ಕುಂತಾಳ."

ಶೇಖರಮ್ಮ ಎದ್ದಳು. ಚಿಮಣಿ ಎಣ್ಣೆಯ ಶೀಶೆ ಗಂಡನ ಸಾಮಾನಿನ ಪೆಟ್ಟಿಗೆಯಲ್ಲಿರುತ್ತಿತ್ತು. ಆ ಪೆಟ್ಟಿಗೆಗೆ ಅವಳು ಒಂಬತ್ತು ವರ್ಷಗಳಿಂದ ಕೈ ಹಾಕಿದವಳಲ್ಲ. ಮುಚ್ಚಳ ತೆಗೆದಳು. ನಟ್ಟು ಬಿಚ್ಚುವ ಪಾನೆಗಳು ಗಾತ್ರದ ಸಾಲಿನಲ್ಲಿ ಮಲಗಿದ್ದವು. ಒಂದೊಂದೂ ತೊಳೆದು ಒರೆಸಿ ಇಟ್ಟದ್ದು. ಊಟದ ತಟ್ಟೆಯಲ್ಲಿ ಇಡಬಹುದು, ಹಾಗಿದ್ದವು. ಶೀಶೆ ತಳದಲ್ಲಿತ್ತು. ಅದರ ಪಕ್ಕದಲ್ಲಿ ಒಂದು ಪುಟ್ಟ ಗಂಟು.

ಗಂಟಿನ ಬಟ್ಟೆಯನ್ನು ಮುಟ್ಟಿದ ಕೂಡಲೇ ಅವಳಿಗೆ ಗುರುತು ಹತ್ತಿತು. ವಾರ್ನಿಷ್ ಕುಡಿದು ಬಿರುಸಾದ ಆ ಬಟ್ಟೆಗೆ ಒಂದು ಕಾಲಕ್ಕೆ ಅವಳೇ ಹೊಲಿಗೆ ಹಾಕಿದ್ದಳು. ಬಿಚ್ಚಿದಳು. ಗೇಣುದ್ದದ ಉಕ್ಕಿನ ಕಂಬಿ. ಅದರ ಮೈಮೇಲೆ ಸುತ್ತು ಸುತ್ತು ಕೊರೆದ ಜಾಡು. ಜಾಡಿನಲ್ಲಿ ಕೂತ, ಹಲ್ಲುಗಳಿದ್ದ ಒಂದು ಸಣ್ಣ ಚಕ್ರ. ಹಲ್ಲುಗಳ ಸಂದಿನಲ್ಲಿ, ಜಾಡಿನ ಉದ್ದಕ್ಕೆ, ಬಿಳಿ ಹೋಗಿ ಹಳದಿಗೆ ತಿರುಗಿದ ಗಟ್ಟಿ ಹೆಕ್ಕಳೆ.

ಅವನ ಕೈಗೆ ಬಂದ ಯಾವ ಸಾಮಾನೂ ಹೊಲಸಾಗಿ ಉಳಿದದ್ದಿಲ್ಲ. ಇದೊಂದು ಉಳಿದಿತ್ತು.

ಶೇಖರಮ್ಮ ಪೆಟ್ಟಿಗೆಯ ಅಂಚು ಹಿಡಿದು ಕೂತುಬಿಟ್ಟಳು. ಒಂಬತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಅವಳು ಕೇಳಲಾರದೆ ಹೋದ ಪ್ರಶ್ನೆಗೆ ಉತ್ತರ ಅಲ್ಲಿ ಬಟ್ಟೆಯಲ್ಲಿ ಸುತ್ತಿಕೊಂಡು ಬಿದ್ದಿತ್ತು. ಅವನಿಗೆ ಗೊತ್ತಿತ್ತು.

*

ಲಿಂಗಸುಗೂರಿನ ಹಳೆಯ ದಂಡಿನ ಛಾವಣಿಯಿಂದ ಸಿಪಾಯಿಗಳು ಹೋಗಿ ಎಷ್ಟೋ ವರ್ಷವಾಗಿತ್ತು. ಕವಾಯತಿನ ಮೈದಾನ ಮಾತ್ರ ಉಳಿದಿತ್ತು. ಆ ಮೈದಾನ ನೋಡಿಯೇ ಬಸವಂತರಾಯನಿಗೆ ಆ ಹುಚ್ಚು ಹಿಡಿದದ್ದು ಎನ್ನುತ್ತಿದ್ದರು ಜನ. ಅರಳೆ ಗಿರಣಿಯ ಮಾಲೀಕ ಅವನು. ಮುಂಬಯಿಯಿಂದ ಒಂದು ನಕಾಶೆಯ ಪುಸ್ತಕ ತಂದು, ಗಿರಣಿಯ ಹಿಂದಿನ ಛಪ್ಪರದಲ್ಲಿ ಸ್ವಂತಕ್ಕೆ ಒಂದು ವಿಮಾನ ಕಟ್ಟಲು ಕೂತ. ಎಲುಬು ಕಟ್ಟಿಗೆಯದು, ಚರ್ಮ ಬಟ್ಟೆಯದು. ಗಿರಣಿಯ ಇಂಜಿನ್ ಮಿಸ್ತ್ರಿ ಶಿವಶರಣಪ್ಪ, ಅವನ ಜೋಡಿ ಕೆಲಸಗಾರ ಖಾದರಬಾಷಾ. ರೆಕ್ಕೆಯ ಬಟ್ಟೆಗೆ ಹೊಲಿಗೆ ಹಾಕಲು ಶೇಖರಮ್ಮ.

ಇಂಜಿನ್ನು ಹಡಗಿನಲ್ಲಿ ಬಂತು. ಮುಂದಿನ ಪಂಖಾವನ್ನು ಕೈಯಿಂದ ತಿರುವಿ ಅದನ್ನು ಎಬ್ಬಿಸಬೇಕಿತ್ತು. ಆದರೆ ಅದು ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತಿತ್ತು, ಹಾಲು ಕೊಡದ ಎಮ್ಮೆಯ ಹಾಗೆ. ಎರಡನೆಯ ಸಲ ಒದ್ದಾಗ ಶಿವಶರಣಪ್ಪ ಹೇಳಿದ: "ಪಂಖಾಕ್ಕ ಮನಷ್ಯಾನ ಕೈ ತಾಗಬಾರದ್ರಿ ಸಾವಕಾರ್ರ. ಇದಕ್ಕ ಸೆಲ್ಫ್ ಕೂಡಿಸ್ತೀನಿ."

ಮುದಗಲ್ಲಿನ ದಾರಿಯಲ್ಲಿ ಮರಕ್ಕೆ ಬಡಿದು ಬಿದ್ದಿದ್ದ ಒಂದು ಮೋಟಾರಿನಿಂದ ಬಿಚ್ಚಿ ತಂದ ಸೆಲ್ಫ್ ಅದು. ಗುಂಡಿ ಒತ್ತಿದರೆ ಅದರ ಕಂಬಿ ಗಿರ್ರನೆ ತಿರುಗಿ, ಸಣ್ಣ ಚಕ್ರ ಜಾಡು ಹಿಡಿದು ಮುಂದೆ ಓಡಿ, ಇಂಜಿನ್ನಿನ ದೊಡ್ಡ ಚಕ್ರದ ಹಲ್ಲು ಕಚ್ಚಿ ತಿರುವಬೇಕು. ಇಂಜಿನ್ನು ಎದ್ದ ಕೂಡಲೇ ತಾನೇ ಬಿಟ್ಟು ಹಿಂದೆ ಬರಬೇಕು.

ಮೊದಲ ದಿನ ಅದು ಟಕ್ ಟಕ್ ಎಂದದ್ದು ಬಿಟ್ಟರೆ ಮಿಸುಕಲಿಲ್ಲ. ಬ್ಯಾಟರಿ ಹೊಸದು, ತಂತಿ ಹೊಸದು. ಶಿವಶರಣಪ್ಪ ಎರಡು ದಿನ ಅದರ ಮುಂದೆ ಕಣ್ಣು ಮುಚ್ಚಿ ಕೂತ. ಮೂರನೆಯ ದಿನ ನಕ್ಕ.

"ಲೇ ಖಾದರ್, ಮೋಟಾರಿಗೆ ಕಬ್ಬಿಣದ ಮೈ. ಹೋದ ಕರೆಂಟು ಆ ಮೈ ಹಿಡಕೊಂಡು ತಿರುಗಿ ಬರ್ತಿತ್ತು. ಇದಕ್ಕ ಕಟಿಗಿ ಮೈ. ಪಾಪ, ಅದು ಹೋಗೇನೋ ಹೋಗ್ತದ, ಮನಿಗೆ ಬರಾಕ ದಾರಿನೇ ಇಲ್ಲ."

ದಪ್ಪನೆಯ ಇನ್ನೊಂದು ತಂತಿ ಎಳೆದು ದಾರಿ ಮಾಡಿಕೊಟ್ಟ. ಸೆಲ್ಫ್ ತಿರುಗಿತು.

ಆಮೇಲೆ ಶುರುವಾದದ್ದು ಮಣ್ಣಿನ ಕಾಟ. ಎರೆಮಣ್ಣಿನ ಧೂಳು ಜಾಡಿನ ಎಣ್ಣೆಗೆ ಅಂಟಿ ಗೋಂದಾಗಿ ಸಣ್ಣ ಚಕ್ರ ಅಲ್ಲಲ್ಲೇ ಹಿಡಿಯುತ್ತಿತ್ತು. ಅದಕ್ಕೆ ಅವನು ಕಟ್ಟಳೆ ಮಾಡಿದ. ದಿನಾ ಮುಂಜಾನೆ ಚಿಮಣಿ ಎಣ್ಣೆಯಲ್ಲಿ ತೊಳೆಯುವುದು, ಒಣ ಬಟ್ಟೆಯಲ್ಲಿ ಒರೆಸುವುದು, ಬೆರಳಲ್ಲಿ ತಳ್ಳಿ ನೋಡುವುದು. ತಳ್ಳಿದರೆ ಹೋಗಬೇಕು, ಬಿಟ್ಟರೆ ಬರಬೇಕು. ಬೇರೆ ಎಣ್ಣೆ ಒಂದು ಹನಿ ಸೋಕಬಾರದು.

"ಎಲ್ಲಾದಕ್ಕೂ ಎಣ್ಣಿ ಕುಡಸ್ತೀರಿ ಉಸ್ತಾದ್, ಇದೊಂದಕ್ಕ ಉಪಾಸ ಯಾಕ?" ಎಂದು ಕೇಳಿದ್ದ ಖಾದರಬಾಷಾ.

"ಇದು ರೋಜಾ ಹಿಡದೈತಿ ಅಂತ ತಿಳಕೋಲೇ."

ಇಬ್ಬರೂ ನಕ್ಕದ್ದನ್ನು ಶೇಖರಮ್ಮ ಹೊಲಿಗೆಯಿಂದ ತಲೆ ಎತ್ತಿ ನೋಡಿದ್ದಳು. ಯಾಕೆ ನಕ್ಕರು ಎಂದು ಕೇಳಿರಲಿಲ್ಲ.

*

"ಏನದು ಕೈಯಾಗ?" ಅಂಬಮ್ಮ ಬಾಗಿಲಲ್ಲಿ ನಿಂತಿದ್ದಳು.

ಶೇಖರಮ್ಮ ಮುಚ್ಚಿಡಲಿಲ್ಲ. ನೆಲಕ್ಕೆ ಕಣ್ಣು ನೆಟ್ಟು ಎಲ್ಲ ಹೇಳಿದಳು. ಅಂಬಮ್ಮ ಕೇಳುತ್ತ ಕೇಳುತ್ತ ಹಿಂದೆ ಕೈ ಚಾಚಿ ಬಾಗಿಲು ಮುಂದಕ್ಕೆ ಎಳೆದಳು.

"ಯಾರಿಗೆ ಹೇಳೀ?"

"ನಿನಗೇ ಮೊದಲು."

"ನನಗೇ ಕಡೀಕೂ ಆಗಲಿ."

"ಖಾದರಣ್ಣ ಬಂದ್ರ ಹೇಳ್ತೀನಿ ಅಕ್ಕಾ. ಮಣ್ಣು ಬೀಳೋದ್ರೊಳಗ. ಅವರ ಮುಖ ಕಾಣಾಕ ಇರಬೇಕಾದ್ರನ."

"ತಲಿ ನೆಟ್ಟಗೈತಿಲ್ಲೋ?" ಅಂಬಮ್ಮ ಅವಳ ಪಕ್ಕಕ್ಕೆ ಕುಕ್ಕರಿಸಿ ದನಿ ತಗ್ಗಿಸಿದಳು. "ನನ್ನ ತಮ್ಮ ಚಾವಡ್ಯಾಗ ಲಿಂಗ ಮುಟ್ಟಿ ಹೇಳ್ಯಾನ, ತಪ್ಪು ನಂದು ಅಂತ. ನೀ ಈಗ ಅಲ್ಲ ಅಂದ್ರ ಅವ ಲಿಂಗ ಮುಟ್ಟಿ ಸುಳ್ಳಾಡಿದಂಗಾತು. ಅಯ್ಯನವರು ಅವನ ತಲಿ ಮ್ಯಾಲ ಪಾದ ಇಡ್ತಾರೇನು? ಕುಣ್ಯಾಗ ಇಳಸಾಕ ಬಿಡ್ತಾರೇನು? ನಿಗಾ ತಪ್ಪಿದ ಮಿಸ್ತ್ರಿ ಅಂತ ಅನಿಸಿಕೊಂಡು ಹೋಗಲಿ. ಲಿಂಗದ್ರೋಹಿ ಅನಿಸಬ್ಯಾಡ."

ಶೇಖರಮ್ಮ ಗಂಟನ್ನು ಮತ್ತೆ ಕಟ್ಟಿದಳು. ಹೇಳಿದರೂ ಅವನಿಗೆ ಕಳಂಕ, ಹೇಳದಿದ್ದರೂ ಅವನಿಗೆ ಕಳಂಕ.

"ಅವ ಒಂಬತ್ತು ವರ್ಷ ಹೊತ್ತಾನ," ಎಂದಳು ಅಂಬಮ್ಮ ಏಳುತ್ತ. ಅವಳ ಕಣ್ಣು ತುಂಬಿತ್ತು. "ಇನ್ನ ನಾಕು ತಾಸಿನ ಹಾದಿ. ಹೊರಲಿ ಬಿಡು."

ಶೇಖರಮ್ಮ ಶೀಶೆಯ ಎಣ್ಣೆಯಲ್ಲಿ ಚಿಂದಿ ಅದ್ದಿ ಉಳಿದ ಉಗುರು ಒರೆಸಿದಳು. ಚಿಂದಿಯನ್ನೂ ಗಂಟನ್ನೂ ಸೀರೆಯ ಮಡಿಲಿಗೆ ಸೇರಿಸಿದಳು.

*

ಒಂಬತ್ತು ವರ್ಷದ ಹಿಂದಿನ ಮಹಾನವಮಿಯ ದಿನ. ಮರುದಿನ ತಾಲೂಕ್ದಾರ ಸಾಹೇಬರು ವಿಮಾನ ಹಾರುವುದನ್ನು ನೋಡಲು ಬರುವವರಿದ್ದರು. ಪೂಜೆಯಾದ ಯಂತ್ರವನ್ನು ಹಾರಿಸುವವರೆಗೆ ಬಿಚ್ಚಬಾರದೆಂದು ಶಿವಶರಣಪ್ಪ ಮುಂಜಾನೆಯೇ ಸೆಲ್ಫ್ ತೊಳೆದು, ಒರೆಸಿ, ತಳ್ಳಿ ನೋಡಿ, ಖಾದರಬಾಷಾನೊಂದಿಗೆ ಬಾವಿಗೆ ಹೋಗಿದ್ದ. ಶೇಖರಮ್ಮ ಆರತಿಯ ತಟ್ಟೆ ಹಿಡಿದು ಒಬ್ಬಳೇ ಛಪ್ಪರಕ್ಕೆ ಬಂದಳು. ರೆಕ್ಕೆಗೆ ವಿಭೂತಿ ಹಚ್ಚಿದಳು, ಗಾಲಿಗೆ ಹೂ ಏರಿಸಿದಳು, ಬಾಯಲ್ಲಿ ಶಿವನ ಪದ ನಡೆದೇ ಇತ್ತು. ಸೆಲ್ಫಿನ ತಗಡಿನ ಮುಚ್ಚಳ ಆರಲೆಂದು ತೆರೆದಿಟ್ಟಿದ್ದರು. ಒಳಗೆ ಆ ಸಣ್ಣ ಚಕ್ರ ಕಂಡಿತು. ಉಳಿದ ಚಕ್ರಗಳೆಲ್ಲ ಎಣ್ಣೆಯಲ್ಲಿ ಮಿಂದು ಮಿಂಚುತ್ತಿದ್ದವು. ಇದೊಂದು ಒಣಗಿ ನಿಂತಿತ್ತು. ಮನೆಯಲ್ಲಾದರೆ ಹಬ್ಬದ ದಿನ ಒಬ್ಬರ ನೆತ್ತಿಗೆ ಎಣ್ಣೆ ತಪ್ಪಿದರೂ ಅವಳಿಗೆ ಸಮಾಧಾನವಿರುತ್ತಿರಲಿಲ್ಲ.

ದೀಪಕ್ಕೆ ತಂದ ಹರಳೆಣ್ಣೆಯನ್ನು ಅಂಗೈಯಲ್ಲಿ ಹಾಕಿಕೊಂಡು, ಕೂಸಿನ ತಲೆಗೆ ಒತ್ತುವಂತೆ ಒತ್ತಿದಳು. ಮೇಲೆ ಮೂರು ಬೆರಳ ವಿಭೂತಿ ಬಳಿದಳು. ಮುಚ್ಚಳ ಮುಚ್ಚಿ, ಕೈಮುಗಿದು ಬಂದಳು.

ಮರುದಿನ ಮೈದಾನದಲ್ಲಿ ಬಸವಂತರಾಯ ವಿಮಾನದಲ್ಲಿ ಕೂತು ಗುಂಡಿ ಒತ್ತಿದ. ಸೆಲ್ಫ್ ಗುಂಯ್ ಎಂದು ತಾನೊಂದೇ ತಿರುಗಿತು. ಸಣ್ಣ ಚಕ್ರ ಮುಂದೆ ಬರಲಿಲ್ಲ. ಮತ್ತೆ ಒತ್ತಿದ. ಮತ್ತೆ ಗುಂಯ್.

"ಅರ್ಧ ತಾಸು ಕೊಡ್ರಿ, ಬಿಚ್ಚಿ ನೋಡ್ತೀನಿ," ಎಂದ ಶಿವಶರಣಪ್ಪ.

"ಸಾಹೇಬರು ಗಡಿಯಾರ ನೋಡಾಕತ್ತಾರ. ಕೈಲೇ ತಿರುವ್ರಿ."

"ಬ್ಯಾಡ್ರಿ ಸಾವಕಾರ್ರ."

"ತಿರುವ್ರಿ ಅಂದೆ."

ಶಿವಶರಣಪ್ಪ ಪಂಖಾದ ಕಡೆ ಹೆಜ್ಜೆ ಇಟ್ಟ. ಖಾದರಬಾಷಾ ಅವನ ರಟ್ಟೆ ಹಿಡಿದು ಹಿಂದೆ ಎಳೆದ: "ನೀವು ಇಂಜಿನ್ ಕಡೆ ಕಿವಿ ಕೊಡ್ರಿ ಉಸ್ತಾದ್. ತಿರುವೋದು ನನಗಿರಲಿ." ಮೂರನೆಯ ಎಳೆತಕ್ಕೆ ಇಂಜಿನ್ನು ಒದೆಯಿತು. ಒಣ ಕಟ್ಟಿಗೆ ಮುರಿದಂಥ ಸದ್ದು ದೂರ ಹೆಂಗಸರ ಗುಂಪಿನಲ್ಲಿದ್ದ ಶೇಖರಮ್ಮನಿಗೂ ಕೇಳಿಸಿತು. ದವಾಖಾನೆಯಲ್ಲಿ ಮಣಿಕಟ್ಟಿನಿಂದ ಕೆಳಗೆ ಉಳಿಸಲಾಗಲಿಲ್ಲ.

ಎಂಟು ದಿನಕ್ಕೆ ಚಾವಡಿಯಲ್ಲಿ ವಿಚಾರಣೆ. ಬಸವಂತರಾಯ ಕೇಳಿದ: ಸೆಲ್ಫ್ ಯಾಕೆ ಕೈ ಕೊಟ್ಟಿತು, ಲಿಂಗ ಮುಟ್ಟಿ ಹೇಳು. ಶಿವಶರಣಪ್ಪ ಎದೆಯ ಮೇಲಿನ ಲಿಂಗ ಹಿಡಿದು ಹೇಳಿದ: "ನಿಗಾ ತಪ್ಪಿತು. ತಪ್ಪು ನಂದು."

ಖಾದರಬಾಷಾ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತ. "ನೋಡೀನಿ ಅಂದ್ರಿ. ನಂಬಿ ಕೈ ಕೊಟ್ಟೆ." ಅಷ್ಟೇ ಅಂದು ಹೊರಟುಹೋದ. ಆಮೇಲೆ ಅವನು ಮಾತಾಡಿದ್ದು ಊರಿಗೆಲ್ಲ. ಶಿವಶರಣಪ್ಪನೊಂದಿಗೆ ಮಾತ್ರ ಇಲ್ಲ.

ಕಂಬದ ಹಿಂದೆ ಶೇಖರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಎಣ್ಣೆಯಿಂದ ಚಕ್ರ ಹಿಡಿಯುತ್ತದೆಂಬುದು ಆ ಎಂಟು ದಿನದ ಊರ ಮಾತಿನಲ್ಲಿ ಅವಳಿಗೆ ತಿಳಿದಿತ್ತು. ಗಿರಣಿಯ ಕೆಲಸ ಬಿಟ್ಟು ಮಸ್ಕಿಗೆ ಬಂದರು. ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಮುಂದಿನ ಮಹಾನವಮಿಗೆ ಅವನೇ ಪಾನೆಗಳನ್ನೆಲ್ಲ ಜಗಲಿಯ ಮೇಲೆ ಜೋಡಿಸಿ, "ಪೂಜಿ ಮಾಡು," ಎಂದಿದ್ದ. ಅವಳು ಎಣ್ಣೆಯ ಬಟ್ಟಲನ್ನು ದೂರ ಸರಿಸಿದ್ದನ್ನು ಕಂಡು ಆಚೆ ತಿರುಗಿದ್ದ.

*

ಹೊತ್ತು ಇಳಿಯುವಾಗ ಸಮಾಧಿಯ ಕುಣಿಯ ಹತ್ತಿರ ಬಂದರು. ಬಸವಂತರಾಯ ಮೋಟಾರಿನಿಂದ ಇಳಿದು ಬಂದ. ಹಿಂದೆ ಅವನ ಆಳು, ಕತ್ತಲಾದೀತೆಂದು ಕಂದೀಲು ಹಿಡಿದಿದ್ದ. ರಾಯನ ಮೀಸೆ ಬೆಳ್ಳಗಾಗಿತ್ತು.

"ಹಂಥಾ ಕಿವಿ ಇರೋ ಮಿಸ್ತ್ರಿ ಮತ್ತ ಸಿಗಲಿಲ್ಲ ನನಗ," ಎಂದ ಪಕ್ಕದವರಿಗೆ. "ಏನು ಮಾಡೂದು, ಒಂದು ದಿನ ನಿಗಾ ತಪ್ಪಿತು. ಆ ಒಂದು ದಿನಾನೇ ಮಂದಿ ನೆನಪಿಡೂದು."

ಶೇಖರಮ್ಮ ಮಡಿಲ ಗಂಟನ್ನು ಬಿಗಿಹಿಡಿದಳು. ಆಗಲೇ ಅವಳು ಖಾದರಬಾಷಾನನ್ನು ಕಂಡದ್ದು. ಜಾಲಿ ಗಿಡದ ಬುಡದಲ್ಲಿ ಒಬ್ಬನೇ ನಿಂತಿದ್ದ, ಅಂಗಿಯ ಬಲತೋಳಿಗೆ ಗಂಟು ಹಾಕಿತ್ತು. ಬಂದಿದ್ದ, ಆದರೆ ಹತ್ತಿರ ಬಂದಿರಲಿಲ್ಲ.

ಕುಣಿಯೊಳಗಿನ ಗೂಡಿನಲ್ಲಿ ಶಿವಶರಣಪ್ಪನನ್ನು ಕೂಡಿಸಿದರು. ಎಡ ಅಂಗೈಯಲ್ಲಿ ಲಿಂಗ ಇಟ್ಟು ಬಿಲ್ವಪತ್ರಿ ಏರಿಸಿದರು. ಊರ ಮಠದ ಮುದಿ ಅಯ್ಯನವರಿಗೆ ತಮ್ಮದೇ ಒಂದು ರೂಢಿಯಿತ್ತು. ಮಣ್ಣು ಹಾಕುವ ಮೊದಲು ಮೂರು ಸಲ ಕೇಳುವರು.

"ಈ ಶರಣನ ಸಂಗಾಟ ಯಾರದರ ಮಾತು ಉಳದೈತೇನ್ರಿ?"

ಖಾದರಬಾಷಾ ನೆಲ ನೋಡಿದ. ಅಂಬಮ್ಮ ಬಂದು ಶೇಖರಮ್ಮನ ಮಣಿಕಟ್ಟು ಹಿಡಿದಳು.

"ಯಾರದರ ಮಾತು ಉಳದೈತೇನ್ರಿ?"

ಜಾಲಿಯ ನೆರಳು ಅಲುಗಿತು. ಖಾದರಬಾಷಾ ತಿರುಗಿ ಹೊರಟಿದ್ದ. ಒಂದು ಹೆಜ್ಜೆ, ಎರಡು ಹೆಜ್ಜೆ. ಸನಿಕೆ ಹಿಡಿದವರು ಬಗ್ಗಿದರು. ಅಂಬಮ್ಮನ ಹಿಡಿತ ಬಿಗಿಯಾಯಿತು. ಬಳೆ ಮಾಂಸಕ್ಕೆ ಒತ್ತಿತು.

"ಕಡೀ ಸಲ ಕೇಳ್ತೀನಿ. ಯಾರದರ—"

"ನಂದೈತ್ರಿ."

ಅಷ್ಟು ಸಣ್ಣ ದನಿ ಅಷ್ಟು ದೂರ ಹೋದೀತೆಂದು ಅವಳೇ ಎಣಿಸಿರಲಿಲ್ಲ. ಖಾದರಬಾಷಾ ನಿಂತ. ಅವಳು ಅಂಬಮ್ಮನ ಕೈ ಬಿಡಿಸಿಕೊಂಡು, ಜನ ಸರಿದ ದಾರಿಯಲ್ಲಿ ನಡೆದು ಅವನ ಮುಂದೆ ಗಂಟು ಬಿಚ್ಚಿದಳು.

"ಖಾದರಣ್ಣ, ಇದನ್ನ ನೋಡು."

ಅವನು ಎಡಗೈಯಲ್ಲಿ ತೆಗೆದುಕೊಂಡ. ನೋಡುವ ಮೊದಲೇ ಹೆಬ್ಬೆರಳು ಅಭ್ಯಾಸದಂತೆ ಚಕ್ರಕ್ಕೆ ಹೋಗಿ ತಳ್ಳಿತು. ಚಕ್ರ ಹೋಗಲಿಲ್ಲ. ಉಗುರಿನಿಂದ ಹೆಕ್ಕಳೆ ಕೆರೆದು ಬೆರಳಲ್ಲಿ ಹೊಸೆದ. ಬೆಳ್ಳನೆಯ ಪುಡಿ.

"ಈಬತ್ತಿ," ಎಂದ, ಆ ವಿಭೂತಿಯ ಪುಡಿಯನ್ನು ಹೊಸೆಯುತ್ತ.

"ಹಬ್ಬದ ದಿನ ನಾ ಹಚ್ಚಿದ್ದು. ಒಣಗೈತಿ ಅಂತ ಹರಳೆಣ್ಣಿ ಒತ್ತಿದ್ದೆ. ಅವರು ತೊಳದು ನೋಡಿ ಹೋದ ಮ್ಯಾಲ. ಅವರ ನಿಗಾ ತಪ್ಪಿರಲಿಲ್ಲ, ಅಣ್ಣಾ."

ಜನರಲ್ಲಿ ಗುಜುಗುಜು ಎದ್ದಿತು. ಬಸವಂತರಾಯನ ದನಿ ಎಲ್ಲಕ್ಕಿಂತ ಮೇಲೆ ಕೇಳಿಸಿತು: "ಹಂಗಾದ್ರ ಶಿವಶರಣ ಲಿಂಗ ಮುಟ್ಟಿ ಸುಳ್ಳು ಹೇಳಿದ್ನೇನು?"

ಸನಿಕೆ ಹಿಡಿದವರು ನೆಟ್ಟಗೆ ನಿಂತರು. ಎಲ್ಲರೂ ಅಯ್ಯನವರತ್ತ ನೋಡಿದರು. ಅಯ್ಯನವರು ಕುಣಿಯತ್ತ ನೋಡುತ್ತಿದ್ದರು.

"ಲಿಂಗ ಅವನ ಕೈಯಾಗೈತಿ," ಎಂದರು ಅಯ್ಯನವರು ಕೊನೆಗೆ. "ಅವರವರು ಮಾತಾಡಿಕೊಳ್ಳಲಿ. ನಡಕ ನಾವು ಯಾಕ?" ಮತ್ತೆ ತಲೆ ಎತ್ತದೆಯೇ ಅಂದರು: "ಕೈಲೇ ತಿರುವ್ರಿ ಅಂದವರು ಯಾರಂತ ಚಾವಡ್ಯಾಗ ಯಾರೂ ಕೇಳಲಿಲ್ಲೇನ್ರಿ, ರಾಯರ?"

ಬಸವಂತರಾಯ ತಲೆಯ ರುಮಾಲಿಗೆ ಕೈ ಒಯ್ದ. ಅದನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ಖಾದರಬಾಷಾ ಇದಾವುದನ್ನೂ ಕೇಳಿದಂತಿರಲಿಲ್ಲ. ಚಕ್ರವನ್ನೇ ನೋಡುತ್ತಿದ್ದ.

"ಅವನಿಗೆ ಗೊತ್ತಿತ್ತೇನು, ಭಾಬಿ?"

"ಇಷ್ಟು ವರ್ಷ ನನಗೂ ತಿಳೀಲಿಲ್ಲ. ಇವತ್ತು ಮುಂಜಾನೆ ಪೆಟ್ಟಿಗ್ಯಾಗ ಸಿಕ್ತು. ಹಿಂಗ ಇತ್ತು. ತೊಳದಿಲ್ಲ."

"ತೊಳದಿಲ್ಲ." ಅವನು ತನಗೆ ತಾನೇ ಹೇಳಿಕೊಂಡ. "ಉಸ್ತಾದ್ ತೊಳದಿಲ್ಲ."

ಒಂಬತ್ತು ವರ್ಷದ ಮೇಲೆ ಆ ಹೆಸರು ಅವನ ಬಾಯಿಗೆ ಬಂದಿತ್ತು. "ನನಗರ ಹೇಳಬಹುದಿತ್ತು. ಊರೂರು ಬೈಕೋತ ತಿರುಗೀನಿ ನಾ. ಸಂತ್ಯಾಗ ಕಂಡ್ರ ಉಗುಳೀನಿ. ನೀವೂ ಹೇಳಲಿಲ್ಲ, ಅವನೂ ಹೇಳಲಿಲ್ಲ." ಶೇಖರಮ್ಮ ತಲೆ ತಗ್ಗಿಸಿದಳು. ಬೈಯಲಿ ಎಂದು ಕಾದಳು. ಅವನು ಬೈಯಲಿಲ್ಲ; ಮಾಫ್ ಎಂದೂ ಅನ್ನಲಿಲ್ಲ. ಅವಳನ್ನು ದಾಟಿ ನಡೆದು ಕುಣಿಯ ಅಂಚಿನಲ್ಲಿ ಮಂಡಿಯೂರಿದ.

"ಚಿಂದಿ ಐತೇನು?"

ಅವಳ ಮಡಿಲಲ್ಲಿ ಮುಂಜಾನೆಯ ಚಿಂದಿ ಇತ್ತು. ಒಣಗಿತ್ತು. ಅವನು ಸುತ್ತ ನೋಡಿದ. ಬಸವಂತರಾಯ ಆಳಿನ ಕೈಯಿಂದ ಕಂದೀಲು ಕಸಿದುಕೊಂಡು, ತಾನೇ ಬಿರಡೆ ತಿರುಗಿಸಿ, ಬಗ್ಗಿ, ಚಿಂದಿಯ ಮೇಲೆ ಎಣ್ಣೆ ಸುರಿದ. ಅವನ ಕೋಟಿನ ತೋಳು ನೆನೆಯಿತು.

"ಹಿಡೀರಿ ಭಾಬಿ. ಎರಡು ತುದಿ ಗಟ್ಟಿ ಹಿಡೀರಿ."

ಅವಳು ಅವನ ಪಕ್ಕದಲ್ಲಿ ಮಂಡಿಯೂರಿ ಎರಡೂ ಕೈಯಿಂದ ಕಂಬಿಯ ತುದಿಗಳನ್ನು ಹಿಡಿದಳು. ಅವನು ಒಂದೇ ಕೈಯಿಂದ ಜಾಡು ಹಿಡಿದು ಒರೆಸತೊಡಗಿದ. ಹೆಕ್ಕಳೆ ಮೊದಲು ಮೆತ್ತಗಾಯಿತು, ಆಮೇಲೆ ಬೂದಿಯ ಹನಿಗಳಾಗಿ ಕುಣಿಯ ಮಣ್ಣಿಗೆ ಬಿತ್ತು. ಯಾರೋ, "ಹೊತ್ತು ಮುಳುಗಾಕತ್ತೈತ್ರಿ," ಎಂದರು. ಅಯ್ಯನವರು ಕೈ ಅಡ್ಡ ಮಾಡಿದರು.

ಹೆಬ್ಬೆರಳಲ್ಲಿ ತಳ್ಳಿದ. ಚಕ್ರ ಅರ್ಧ ಸುತ್ತು ಹೋಗಿ ಹಿಡಿಯಿತು. ಮತ್ತೆ ಒರೆಸಿದ. ಚಿಂದಿಯ ಒಣ ಮೂಲೆ ಹುಡುಕಿ, ಹಲ್ಲಿನ ಸಂದು ಸಂದು ಒರೆಸಿದ, ತೇವ ಉಳಿಯದಂತೆ.

ಆಮೇಲೆ ಅವಳ ಕೈಗಳನ್ನು ಕಂಬಿಯ ಸಮೇತ ಕೆಳಗೆ, ಗೂಡಿನಲ್ಲಿ ಕಣ್ಣು ಮುಚ್ಚಿ ಕೂತವನ ಕಿವಿಯ ಹತ್ತಿರಕ್ಕೆ ಇಳಿಸಿ, ತಳ್ಳಿದ.

ಚಕ್ರ ಜಾಡು ಹಿಡಿದು ತುದಿಯವರೆಗೆ ಹೋಯಿತು. ಬಿಟ್ಟ. ಟಕ್ ಎಂದು ಬಂದು ಕೂತಿತು.